ದರ್ಜಿ ತಾತ ಕಲಿಸದ ಪ್ರಶ್ನೆ

ಅವನ ತೋರುಬೆರಳಿನ ಉಗುರಿನ ನಡುವೆ ಸೂಜಿ ತೂರಿದ ಕಪ್ಪು ಗುರುತಿತ್ತು. ಬಲಗೈಯೋ ಎಡಗೈಯೋ, ಈಗ ಹೇಳಲಾರೆ. ಆ ಕೈಯಿಂದ ನನ್ನ ತಲೆಗೆ ಎಷ್ಟು ಸಲ ಮೊಟಕಿದನೋ ಅದೂ ನೆನಪಿಲ್ಲ, ನೋವಷ್ಟೇ ಖಚಿತ.

ನಾನು ಹುಡುಗನಾಗಿದ್ದಾಗ ಮುಳಬಾಗಿಲಿನ ನಮ್ಮ ಬೀದಿಯಲ್ಲಿ ಅವನು ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ. ನಮಗೆಲ್ಲ ದರ್ಜಿ ತಾತ. ಮದರಾಸಿನಲ್ಲಿ ಹಡಗು ಹತ್ತಿ, ಇಪ್ಪತ್ತು ವರ್ಷ ಸಮುದ್ರದ ಮೇಲೆ ಬಟ್ಟೆ ಹೊಲಿದು ಬಂದವನಂತೆ. ಯಂತ್ರ ನೋಡಲು ಜಗಲಿ ಹತ್ತಬೇಕಾದರೆ ಮಕ್ಕಳು ಅವನು ಹಡಗಿನಲ್ಲಿ ಕಲಿತೆನೆನ್ನುತ್ತಿದ್ದ ಸ್ಪ್ಯಾನಿಷ್ ಭಾಷೆಯಲ್ಲಿ ವಂದನೆ ಹೇಳಬೇಕು: “ಬ್ವೇನೊಸ್ ದಿಯಾಸ್.” ಆಮೇಲೆ “ಕೊಮೊ ತೆ ಯಾಮಾಸ್?” ಎಂದು ಪಕ್ಕದವರ ಹೆಸರು ಕೇಳಬೇಕು, “ಕೊಮೊ ಎಸ್ತಾಸ್?” ಎಂದು ಹೇಗಿದ್ದೀಯೆಂದು ವಿಚಾರಿಸಬೇಕು. ತಪ್ಪಿದರೆ ಮೊಟಕು.

“ಏಮ್ರಾ, ಬಾಯಲ್ಲಿ ಮುದ್ದೆ ಇಟ್ಕೊಂಡು ಮಾತಾಡ್ತೀಯಾ? ಇಳಿ ಕೆಳಕ್ಕೆ.”

ನಮ್ಮ ಕಡೆ ಹೊಸಬರನ್ನು ಕಂಡರೆ ಮೊದಲು ಕೇಳುವುದು “ಯಾರ ಮಗ?” ಎಂದು. ಉತ್ತರ ಬಂದರೆ ಜಾತಿ ತಿಳಿಯಿತು, ಎಲ್ಲಿ ಕೂರಿಸಬೇಕೆಂಬುದೂ ತಿಳಿಯಿತು. ಒಂದು ದಿನ ನಾನು ಕೇಳಿದೆ: “ತಾತ, ಯಾರ ಮಗ ಅನ್ನೋಕೆ ಆ ಭಾಷೇಲಿ ಏನಂತಾರೆ?”

ಯಂತ್ರ ನಿಂತಿತು. “ಅದು ಬ್ಯಾಡ. ಹೆಸರು ಕೇಳಿದ್ಯಲ್ಲ, ಸಾಕು.”

ಅವನಿಗೆ ಬರುವುದಿಲ್ಲ ಎಂದುಕೊಂಡೆ. ಆ ಗುಮಾನಿಯನ್ನು ಮೈಸೂರಿನ ಕಾಲೇಜಿಗೂ ಹೊತ್ತುಕೊಂಡು ಹೋದೆ. ರಜೆಗೆ ಬಂದಾಗ ಅದೇ ಜಗಲಿಯ ಮೇಲೆ ನಿಂತು, ಮಕ್ಕಳು ಮತ್ತು ಅವರ ಅಪ್ಪಂದಿರ ಎದುರು ಹೇಳಿದೆ: “ಯಾರ ಮಗ ಅಂತ ಕೇಳೋಕಾಗದ ಭಾಷೆ ಲೋಕದಲ್ಲೇ ಇಲ್ಲ. ಈತನಿಗೆ ಅದು ಬರಲ್ಲ, ಈತ ಹಡಗೇ ನೋಡಿಲ್ಲ. ಎಲ್ಲ ಕಟ್ಟುಕಥೆ.”

“ಓದಿರೋನು ಹೇಳ್ತಾವ್ನೆ, ಕೇಳ್ರೋ,” ಎಂದರು ಎಣ್ಣೆ ಅಂಗಡಿಯವರು. “ಈ ದರ್ಜಿ ತಾನು ಯಾರ ಮಗ ಅಂತ ಇವತ್ತಿಗೂ ಬಾಯಿ ಬಿಟ್ಟಿಲ್ಲ ಕಣೋ.”

ತಾತ ಅವರ ಕಡೆ ತಿರುಗಲಿಲ್ಲ. ನನಗೆ ಹೇಳಿದ: “ನಾನು ಬರೀ ಹೆಸರು ಕೇಳಿ ನಿನ್ನ ಮೇಲಕ್ಕೆ ಹತ್ತಿಸ್ದೆ ಕಣ್ಲಾ. ಇಳಿ.”

ಮರುದಿನದಿಂದ ಬೀದಿಯವರು ಆ ಜಗಲಿಗೆ ಒಂದು ಮಗುವನ್ನೂ ಕಳಿಸಲಿಲ್ಲ. ವರ್ಷದೊಳಗೆ ಅವನು ಯಂತ್ರ ಹೊತ್ತು ಶ್ರೀನಿವಾಸಪುರಕ್ಕೆ ಹೋದ. ಅಲ್ಲೇ ಸತ್ತನೆಂದು ಕೇಳಿದೆ. ಅವನು ನನಗೆ ಇಷ್ಟವಿರಲಿಲ್ಲ, ಈಗಲೂ ಇಲ್ಲ. ಕೊನೆಗೆ ಅವನಾಡಿದ್ದು ಅದೇ ಮಾತೋ, ನಾನು ಆಮೇಲೆ ತಿದ್ದಿಕೊಂಡಿದ್ದೋ, ಅದೂ ಅನುಮಾನವೇ.

ಮುಂದೆ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಸ್ಪ್ಯಾನಿಷ್ ಪಾಠಪುಸ್ತಕವೊಂದನ್ನು ತೆಗೆದು ನೋಡಿದೆ. ಅವನು ಕಲಿಸಿದ ಮೂರು ಮಾತೂ ಮೊದಲನೆಯ ಪಾಠದಲ್ಲಿದ್ದವು. ಯಾರ ಮಗ ಎಂದು ಕೇಳುವುದೂ ಇತ್ತು, ಎಂಟನೆಯದರಲ್ಲಿ.