ಪಾಸ್‌ಪೋರ್ಟ್ ಕೊಟ್ಟು ಹಡಗು ಹತ್ತಿದ್ದು

ಅಕ್ಕ ಇರುವುದು ಪರ್ತ್ ಆಚೆಯ ಜೂಂಡಲಪ್‌ನಲ್ಲಿ, ನಾನು ಅಡಿಲೇಡಿನ ಬ್ಲೇರ್ ಅಥಾಲ್‌ನಲ್ಲಿ, ಅವಳ ಮಗಳು ಬ್ರಿಸ್ಬೇನ್‌ನಲ್ಲಿ. ಹೆಸರಿಗೆ ಒಂದೇ ದೇಶ. ಈ ಕೊನೆಯಿಂದ ಆ ಕೊನೆಗೆ ಮೈಸೂರಿಂದ ಕಾಶಿಗೆ ಹೋಗಿ ಬರುವಷ್ಟು ದಾರಿ. ಅಕ್ಕ ಆಸ್ಪತ್ರೆಯ ನರ್ಸ್ ಕೆಲಸದಿಂದ ನಿವೃತ್ತಳಾದಾಗ ಮಗಳು ಮೂವರಿಗೂ ಸೇರಿಸಿ ಹಡಗಿನ ಪ್ರವಾಸ ಬುಕ್ ಮಾಡಿದಳು. ಬ್ರಿಸ್ಬೇನ್‌ನಲ್ಲಿ ಹತ್ತುವುದು, ಪೆಸಿಫಿಕ್ ದ್ವೀಪಗಳನ್ನು ನೋಡಿಕೊಂಡು ಅಲ್ಲಿಗೇ ಬಂದು ಇಳಿಯುವುದು. ಮದುವೆಗಳಾದ ಮೇಲೆ ನಾನೂ ಅಕ್ಕನೂ ನಾಲ್ಕು ದಿನ ಒಂದೇ ಕೋಣೆಯಲ್ಲಿ ಮಲಗಿ ಹರಟೆ ಹೊಡೆದದ್ದೇ ಇಲ್ಲ. ಈಗಲಾದರೂ ಆಗುತ್ತದಲ್ಲ ಅಂತ ನನಗೆ ಹೇಳಲಾರದಷ್ಟು ಆಸೆ.

ಆದರೆ ಅಕ್ಕನ ಸ್ವಭಾವ ನನಗೆ ಗೊತ್ತು. ಅವಳು ಹಾಲಿನವನನ್ನೂ ನಂಬಿದವಳಲ್ಲ, ಹಾಲನ್ನೂ ನಂಬಿದವಳಲ್ಲ.

ಬಂದರಿನ ಬಾಗಿಲಲ್ಲೇ ಶುರುವಾಯಿತು. ಕಾರು ನಿಂತದ್ದೇ ತಡ, ಕಿತ್ತಳೆ ಬಣ್ಣದ ಜಾಕೆಟ್ ಹಾಕಿದ ಆಳೊಬ್ಬ ಬಂದು ನಮ್ಮ ಸೂಟ್‌ಕೇಸುಗಳನ್ನು ಕಬ್ಬಿಣದ ಪಂಜರದಂಥ ಗಾಡಿಗೆ ಏರಿಸತೊಡಗಿದ.

"ರಸೀದಿ ಎಲ್ಲಿ?" ಅಂತ ಅಕ್ಕ ಇಂಗ್ಲಿಷಿನಲ್ಲಿ ಕೇಳಿದಳು.

"ರಸೀದಿ ಎಲ್ಲ ಇಲ್ಲ, ಲವ್. ಆರ್ವೋ ಹೊತ್ತಿಗೆ ನಿಮ್ಮ ರೂಮಿನ ಬಾಗಿಲಲ್ಲಿ ಇರುತ್ತೆ."

ಅಕ್ಕ ನನ್ನ ಕಡೆ ತಿರುಗಿದಳು. "ಮಧ್ಯಾಹ್ನ ಅನ್ನೋ ಮಾತನ್ನೇ ಅರ್ಧ ನುಂಗಿ ಆರ್ವೋ ಅಂತಾನೆ. ಇವನು ಸೂಟ್‌ಕೇಸ್ ಪೂರ್ತಿ ತಂದುಕೊಡ್ತಾನಾ?" ಅಂದವಳೇ ಫೋನ್ ತೆಗೆದು ಅವನ ಮುಖದ ಫೋಟೋ ಹಿಡಿದುಕೊಂಡಳು. ಅವನು ಪಾಪ, ಅಭಿಮಾನಕ್ಕೆ ತೆಗೆದಳು ಅಂದುಕೊಂಡು ಹೆಬ್ಬೆರಳೆತ್ತಿ ನಕ್ಕ.

ಒಳಗೆ ಸಾಲು, ಕೈಚೀಲ ಸ್ಕ್ಯಾನ್ ಮಾಡುವ ಯಂತ್ರ, ಮತ್ತೆ ಸಾಲು. ಏರ್‌ಪೋರ್ಟಿನ ಹಾಗೇ, ಆದರೆ ಎಲ್ಲರೂ ಹೂವಿನ ಅಂಗಿ ಹಾಕಿಕೊಂಡು ವಿನಾಕಾರಣ ನಗುತ್ತಿದ್ದರು. "ಇಷ್ಟೊಂದು ಖುಷಿ ಯಾಕೆ ಇವರಿಗೆ?" ಅಂತ ಅದರ ಮೇಲೂ ಅಕ್ಕನಿಗೆ ಅನುಮಾನ.

ಕೌಂಟರಿನಲ್ಲಿ ಒಬ್ಬ ಫಿಲಿಪೀನ್ಸ್ ಹುಡುಗಿ ನಮ್ಮ ಕೋಣೆಯ ಕಾರ್ಡು ಕೊಟ್ಟು, ಮೂರು ಪಾಸ್‌ಪೋರ್ಟ್‌ಗಳನ್ನೂ ಕೇಳಿದಳು. "ಇವು ಹಡಗಿನಲ್ಲಿ ನಮ್ಮ ಹತ್ತಿರವೇ ಇರುತ್ತವೆ. ದ್ವೀಪಗಳ ಅಧಿಕಾರಿಗಳು ಎಲ್ಲವನ್ನೂ ಒಟ್ಟಿಗೆ ನೋಡುತ್ತಾರೆ. ಪ್ರವಾಸ ಮುಗಿಯುವಾಗ ವಾಪಸ್ ಕೊಡುತ್ತೇವೆ."

ನಾನು ಕೊಟ್ಟೆ, ಮಗಳು ಕೊಟ್ಟಳು. ಅಕ್ಕ ಮಾತ್ರ ಹೊರಗೆ ತೆಗೆದಿದ್ದ ಪಾಸ್‌ಪೋರ್ಟನ್ನು ಮತ್ತೆ ಚೀಲದೊಳಗೆ ಹಾಕಿ ಜಿಪ್ ಎಳೆದಳು.

"ನಾನು ಕೊಡಲ್ಲ."

"ಅಮ್ಮಾ, ಪ್ಲೀಸ್," ಅಂದಳು ಮಗಳು. "ಇಟ್ಸ್ ಜಸ್ಟ್ ಪ್ರೊಸೀಜರ್."

"ಅಲ್ಲೂ ಪ್ರೊಸೀಜರ್ ಅಂತಲೇ ಹೇಳಿದ್ದರು."

ಅಲ್ಲಿ ಅಂದರೆ ಎಲ್ಲಿ ಅಂತ ಮಗಳಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಅವಳು ಹುಟ್ಟುವ ಮುಂಚೆ ಅಕ್ಕ ಕೊಲ್ಲಿ ದೇಶವೊಂದರ ಖಾಸಗಿ ಕ್ಲಿನಿಕ್ಕಿನಲ್ಲಿ ನರ್ಸಾಗಿದ್ದಳು. ಹೋದ ದಿನವೇ ಮಾಲೀಕ, ಭದ್ರವಾಗಿರಲಿ ಅಂತ ಪಾಸ್‌ಪೋರ್ಟ್ ಇಸಿದುಕೊಂಡು ತನ್ನ ಬೀರುವಿನಲ್ಲಿಟ್ಟ. ನಮ್ಮಪ್ಪ ತೀರಿಕೊಂಡ ಸುದ್ದಿ ಹೋದಾಗ ಇವಳು ಕೇಳಿದಳು. ನಾಳೆ ಅಂದ. ಬೀಗದ ಕೈ ಇಲ್ಲ ಅಂದ. ಇನ್ನೊಬ್ಬ ನರ್ಸ್ ಬರಲಿ ಅಂದ. ಅಕ್ಕ ಮನೆಗೆ ಬಂದು ಮುಟ್ಟುವಾಗ ತಿಥಿಯ ಎಲೆಗಳನ್ನೂ ಎತ್ತಿ ನೆಲ ಸಾರಿಸಿಯಾಗಿತ್ತು. ಈ ಮಾತನ್ನು ಅವಳು ಮನೆಯಲ್ಲಿ ಆಡಿದವಳೇ ಅಲ್ಲ. ಅವತ್ತು ಆ ಸಾಲಿನಲ್ಲಿ ನಿಂತು, ನಾನೇ ಮಗಳ ಕಿವಿಯಲ್ಲಿ ಎರಡು ಮಾತಿನಲ್ಲಿ ಹೇಳಿದೆ. ಅವಳು ತಾಯಿಯ ಕೈಚೀಲದ ಪಟ್ಟಿಯನ್ನು ಹಿಡಿದುಕೊಂಡು ನಿಂತಳು.

ಪಾಸ್‌ಪೋರ್ಟ್ ಕೊಡದಿದ್ದರೆ ಹತ್ತಿಸುವುದಿಲ್ಲ. ಕೌಂಟರಿನ ಹುಡುಗಿ ಅದನ್ನು ಮೃದುವಾಗಿಯೇ ಹೇಳಿದಳು. ನನ್ನ ನಾಲ್ಕು ದಿನದ ಹರಟೆ ಅಲ್ಲೇ ಮುಳುಗಿತು ಅಂದುಕೊಂಡೆ.

ಅಕ್ಕ ಅವಳನ್ನೇ ದಿಟ್ಟಿಸಿ ನೋಡುತ್ತಿದ್ದಳು. ಕೊಲ್ಲಿಯಲ್ಲಿ ಇಂಥ ಹುಡುಗಿಯರ ಜತೆಯಲ್ಲೇ ದುಡಿದವಳಲ್ಲವೇ.

"ನಿನ್ನ ಪಾಸ್‌ಪೋರ್ಟ್ ಎಲ್ಲಿದೆಯಮ್ಮ?"

ಹುಡುಗಿ ಒಂದು ಕ್ಷಣ ಅತ್ತಿತ್ತ ನೋಡಿದಳು. "ನನ್ನದೂ ಹಡಗಿನಲ್ಲೇ ಇದೆ, ಮೇಡಂ. ಕೆಲಸದವರದೆಲ್ಲ ಅಲ್ಲೇ."

"ಕೇಳಿದರೆ ಕೊಡ್ತಾರಾ?"

"ಕೊಡ್ತಾರೆ. ಅಜ್ಜಿ ಹೋದಾಗ ಕೇಳಿದ್ದೆ, ಕೊಟ್ಟರು."

"ಮಣ್ಣು ಮಾಡುವ ಹೊತ್ತಿಗೆ ಮುಟ್ಟಿದೆಯಾ?"

"ಇಲ್ಲ, ಮೇಡಂ. ಹಡಗು ಸಮುದ್ರದ ಮಧ್ಯೆ ಇತ್ತು. ಮುಂದಿನ ಬಂದರಿನಲ್ಲಿ ಇಳಿದು ಹೋದೆ. ತಡವಾಯಿತು."

ಸರಿಯಾಗಿ ಮುಟ್ಟಿದೆ ಅಂತ ಆ ಹುಡುಗಿ ಅಂದಿದ್ದರೆ ಅಕ್ಕ ಅದು ಸುಳ್ಳು ಅಂದುಕೊಂಡು ಹಿಂದಕ್ಕೆ ತಿರುಗಿ ಟ್ಯಾಕ್ಸಿ ಹಿಡಿಯುತ್ತಿದ್ದಳು. ತಡವಾಯಿತು ಅಂದದ್ದಕ್ಕೆ ಜಿಪ್ ತೆಗೆದಳು. ಪಾಸ್‌ಪೋರ್ಟ್ ಯಾವ ಪೆಟ್ಟಿಗೆಗೆ ಹೋಯಿತು, ಪೆಟ್ಟಿಗೆಯ ಬಣ್ಣ ಏನು, ಅದರ ಪಕ್ಕ ಯಾರು ನಿಂತಿದ್ದಾರೆ ಎಲ್ಲ ನೋಡಿಕೊಂಡಳು.

ಹಡಗಿನ ಒಳಗೆ ಹೋದ ಮೇಲೂ ಅವಳ ಮೈ ಸಡಿಲವಾಗಲಿಲ್ಲ. ಕೋಣೆ ಇನ್ನೂ ಸಿದ್ಧವಾಗಿರಲಿಲ್ಲ. ಅಲ್ಲಿಯವರೆಗೆ ಮೇಲಿನ ಮಹಡಿಯಲ್ಲಿ ಊಟ ಮಾಡಿ ಅಂತ ಕಳಿಸಿದರು. ಅಲ್ಲಿ ಮದುವೆ ಮನೆಯ ಹಾಗೆ ತಟ್ಟೆ ಹಿಡಿದ ಜನ. ಅಕ್ಕ ಒಂದು ಬಾಳೆಹಣ್ಣು ಸುಲಿದು ತಿಂದಳು. "ಸಿಪ್ಪೆ ಇರೋದಕ್ಕೆ ಏನೂ ಬೆರೆಸೋಕಾಗಲ್ಲ." ಆಮೇಲೆ ಅಪಾಯ ಬಂದರೆ ಎಲ್ಲಿ ಸೇರಬೇಕು ಅಂತ ತೋರಿಸಿದರು, ಲೈಫ್ ಜಾಕೆಟ್ ಕಟ್ಟುವುದನ್ನು ಕಲಿಸಿದರು. ಉಳಿದವರು ತಮಾಷೆ ಮಾಡುತ್ತಿದ್ದರೆ ಅಕ್ಕ ಪಟ್ಟಿಯ ಹೊಲಿಗೆಯನ್ನು ಜಗ್ಗಿ ನೋಡುತ್ತಿದ್ದಳು.

ನಡುನಡುವೆ ದಾರಿಯಲ್ಲಿ ಸಿಕ್ಕ ಸಿಬ್ಬಂದಿಯನ್ನೆಲ್ಲ ನಿಲ್ಲಿಸಿ ಒಂದೇ ಪ್ರಶ್ನೆ ಕೇಳುತ್ತಿದ್ದಳು: ದಡಕ್ಕೆ ಹಾಕಿರುವ ಸೇತುವೆಯನ್ನು ಯಾವಾಗ ತೆಗೆಯುತ್ತೀರಿ? ಅಷ್ಟು ಹೊತ್ತೂ ಅಕ್ಕ ಹಡಗನ್ನು ಅನುಮಾನಿಸುತ್ತಿದ್ದಳು. ಆಮೇಲೆ ನಾನು ಅಕ್ಕನನ್ನು ಅನುಮಾನಿಸತೊಡಗಿದೆ. ಕೋಣೆ ಸಿಕ್ಕಿತು, ಸೂಟ್‌ಕೇಸುಗಳೂ ಬಾಗಿಲಿಗೆ ಬಂದವು. ಅವಳು ತನ್ನದನ್ನು ಬಿಚ್ಚಲಿಲ್ಲ. ಕಾಲಿನ ಶೂ ಬಿಚ್ಚಲಿಲ್ಲ. ಹಾಸಿಗೆಯ ತುದಿಯಲ್ಲಿ ಬಸ್‌ಸ್ಟಾಂಡಿನ ಬೆಂಚಿನ ಮೇಲೆ ಕೂತ ಹಾಗೆ ಕೂತಿದ್ದಳು.

"ಇಳಿದು ಹೋಗೋ ಯೋಚನೆ ಇದ್ದರೆ ಹೇಳಿಬಿಡೇ," ಅಂದೆ.

"ನಡಿ, ಕೆಳಗೆ ಹೋಗೋಣ," ಅಂದಳು.

ಕೆಳಗಿನ ವಿಚಾರಣೆ ಕೌಂಟರಿನಲ್ಲಿ ಬಿಳಿ ಅಂಗಿಯ ಅಧಿಕಾರಿ ಇದ್ದ. ಅಕ್ಕ ನೇರವಾಗಿ ಹೋಗಿ, ತನ್ನ ಹೆಸರು ಹೇಳಿ, "ನಾನು ಇಳಿಯಬೇಕು. ನನ್ನ ಪಾಸ್‌ಪೋರ್ಟ್ ಕೊಡಿ," ಅಂದಳು.

ಮಗಳು ಕೆಂಪಗಾದಳು.

"ಹುಷಾರಿಲ್ಲವೇ, ಮೇಡಂ? ಡಾಕ್ಟರನ್ನು ಕರೆಸಲೇ?"

"ಹುಷಾರಾಗೇ ಇದ್ದೀನಿ. ಪಾಸ್‌ಪೋರ್ಟ್ ಕೊಡಿ."

"ಸೇತುವೆ ತೆಗೆಯುವ ಹೊತ್ತಾಗುತ್ತಿದೆ. ನಿಮ್ಮ ಲಗೇಜು..."

"ಲಗೇಜು ಆಮೇಲೆ ನೋಡೋಣ."

ಅವನು ಒಳಗೆ ಹೋದ. ಹೋದವನು ಬರಲೇ ಇಲ್ಲ. ಅಕ್ಕ ಕೌಂಟರಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಅಪ್ಪನ ಹೆಸರನ್ನು ಯಾರೂ ಎತ್ತಲಿಲ್ಲ, ಎತ್ತಬೇಕಾಗಿಯೂ ಇರಲಿಲ್ಲ. ಬೀಗದ ಕೈ ಇಲ್ಲ ಅಂತ ಬಂದು ಹೇಳಿದರೆ ಇವಳ ಗತಿ ಏನು ಅಂತ ನಾನು ಆ ಬಾಗಿಲನ್ನೇ ನೋಡುತ್ತಿದ್ದೆ. ಮಗಳು ಮೆಲ್ಲಗೆ ಬಂದು ತಾಯಿಯ ಪಕ್ಕ ನಿಂತು, ತಾನೂ ಕೌಂಟರಿನ ಮೇಲೆ ಕೈ ಇಟ್ಟಳು.

ಬಾಗಿಲು ತೆರೆಯಿತು. ಪಾಸ್‌ಪೋರ್ಟ್ ತಂದು ಅವಳ ಮುಂದೆ ಇಟ್ಟ. ಕಾರಣ ಕೇಳಲಿಲ್ಲ, ನಾಳೆ ಅನ್ನಲಿಲ್ಲ.

ಅಕ್ಕ ಅದನ್ನು ತೆರೆದು ತನ್ನ ಫೋಟೋ ನೋಡಿದಳು, ಹಾಳೆಗಳನ್ನು ತಿರುವಿದಳು, ಮುಚ್ಚಿದಳು. ಕೈಯಲ್ಲಿ ಒಮ್ಮೆ ತೂಗಿದಳು. ಆಮೇಲೆ ಅವನ ಕಡೆಗೇ ಸರಿಸಿದಳು.

"ಇಟ್ಟುಕೊಳ್ಳಿ."

"ಹಾಗಾದರೆ ನೀವು ಇಳಿಯುವುದಿಲ್ಲವೇ, ಮೇಡಂ?"

"ಇಲ್ಲ. ಇಳಿಯಬಹುದು ಅಂತ ಗೊತ್ತಾಯಿತಲ್ಲ, ಸಾಕು."

ಅವನು ಪಾಸ್‌ಪೋರ್ಟ್ ಎತ್ತಿಕೊಂಡು ಒಳಗೆ ಹೋಗಲು ತಿರುಗಿದ. ಅಕ್ಕ ನನ್ನ ಮೊಣಕೈ ತಿವಿದಳು.

"ನಿಂದೂ ಕೇಳು."

"ನಾನು ಯಾಕೆ ಕೇಳಲೇ? ನಿಂದು ಕೊಟ್ಟರಲ್ಲ."

"ನಂದು ಕೊಟ್ಟರು. ನಿಂದು ಕೊಡ್ತಾರೆ ಅಂತ ಏನು ಗ್ಯಾರಂಟಿ?"

ನಮ್ಮ ಹಿಂದೆ ಹೂವಿನ ಅಂಗಿಯವರ ಸಾಲು ಉದ್ದವಾಗುತ್ತಿತ್ತು. ಮಗಳು ಚಾವಣಿ ನೋಡುತ್ತಾ, ನಗು ತಡೆಯಲು ತುಟಿ ಕಚ್ಚಿಕೊಂಡು ನಿಂತಿದ್ದಳು. ನಾನು ಗಂಟಲು ಸರಿಮಾಡಿಕೊಂಡು ಆ ಅಧಿಕಾರಿಯನ್ನು ಕರೆದೆ.