ಸೆರಗಿನ ಗಂಟಿನಲ್ಲಿ ಬಳೆ

ಕುರಿ ಈಯಲಾರದೆ ಒದ್ದಾಡುತ್ತಿದೆ ಎಂದು ಯಾರಾದರೂ ಕರೆದರೆ, ಅತ್ತೆ ಮೊದಲು ಬಲಗೈಯ ಗಾಜಿನ ಬಳೆಗಳನ್ನು ಒಂದೊಂದಾಗಿ ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಆಮೇಲೆ ಮೊಣಕೈವರೆಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಕೂರುತ್ತಿದ್ದಳು. ಮುತ್ತೈದೆ ಕೈ ಬರಿದು ಮಾಡಿಕೊಳ್ಳಬಾರದು ಎಂದು ಒಮ್ಮೆ ಯಾರೋ ತಕರಾರು ತೆಗೆದದ್ದಕ್ಕೆ, "ಒಳಗಿರೋ ಮರಿಗೆ ಗಾಜು ಚುಚ್ಚಿದ್ರೆ ನೀನ್ ಬಂದು ನೋಡ್ಕೋತೀಯಾ?" ಎಂದು ಬಾಯಿ ಮುಚ್ಚಿಸಿದ್ದಳು.

ಯಗಟಿಯಲ್ಲಿ ನಮ್ಮ ಮನೆಗೂ ಅವಳ ಕುರಿರೊಪ್ಪಕ್ಕೂ ನಡುವೆ ಇದ್ದದ್ದು ಒಂದು ಮಣ್ಣಿನ ಗೋಡೆ. ರಕ್ತಸಂಬಂಧವೇನೂ ಇಲ್ಲ, ಮಾತು ಕಲಿತಾಗಿನಿಂದ ನಾನು ಅತ್ತೆ ಎಂದೇ ಕರೆದೆ. ನಮ್ಮ ಮನೆಯಿಂದ ಹೋದ ಯಾವ ಪಾತ್ರೆಯನ್ನೂ ಅವಳು ಖಾಲಿ ವಾಪಸ್ ಕೊಟ್ಟವಳಲ್ಲ. ಏನೂ ಇಲ್ಲದ ದಿನ ಒಂದೆರಡು ಎಸಳು ಕರಿಬೇವಾದರೂ ಇರುತ್ತಿತ್ತು. ಮಾತು ಮಾತ್ರ ಖಾರ. ನಾನು ರಜೆಗೆ ಬಂದರೆ, "ಓದಿ ಓದಿ ಕಡ್ಡಿ ಆಗಿದೀಯ ಕಣೇ, ಗಾಳಿ ಬೀಸಿದ್ರೆ ತರೀಕೆರೇಲಿ ಹೋಗಿ ಬೀಳ್ತೀಯ" ಎನ್ನುತ್ತಿದ್ದಳು.

ಮೆಡಿಕಲ್ ಕಾಲೇಜಿನ ಲ್ಯಾಬಿನಲ್ಲಿ ಸಂಶೋಧನೆಗೆ ಸೇರಿದಾಗ ನಾನು ಆರಿಸಿಕೊಂಡದ್ದು ಕುರಿಗಳಿಂದ ಸಾಕುವವರಿಗೆ ಅಂಟುವ ಒಂದು ಜ್ವರವನ್ನು. ಈಯುವಾಗಿನ ರಕ್ತ ಮುಟ್ಟಿದರೂ, ಹಸಿ ಹಾಲು ಕುಡಿದರೂ ಬರುತ್ತದೆ. ಬಂದರೆ ತಿಂಗಳುಗಟ್ಟಲೆ ಸಂಜೆ ಜ್ವರ, ಸೊಂಟನೋವು. ಇದೇ ಕಾಯಿಲೆ ಎಂದು ಗೊತ್ತಾದರೆ ಮಾತ್ರೆಯಿಂದ ವಾಸಿಯಾಗುತ್ತದೆ. ಕುರಿ ಸಾಕುವವರ ರಕ್ತ ಬೇಕೆಂದು ಊರಿಗೆ ಬಂದರೆ ಒಬ್ಬರೂ ತೋಳು ಕೊಡಲಿಲ್ಲ. ಕೆಲಸ ಶುರುವಾಗುವ ಮೊದಲೇ ಮುಗಿಯಿತೆಂದು ಅತ್ತೆಯ ಜಗಲಿಯಲ್ಲಿ ಕೂತು ಅತ್ತುಬಿಟ್ಟೆ.

"ಹಿಂದೆ ಯಾರೋ ಬಂದು ರಕ್ತ ತಗೊಂಡು ಹೋದ್ರು ಕಣೇ. ಏನ್ ಸಿಕ್ತು ಅಂತ ಇವತ್ತಿಗೂ ಒಬ್ರೂ ಬಂದು ಹೇಳಿಲ್ಲ. ಖಾಲಿ ಪಾತ್ರೆನೂ ವಾಪಸ್ ಬರ್ಲಿಲ್ಲ" ಎಂದಳು.

"ನಾನು ಬತ್ತೀನಿ ಅತ್ತೆ. ಒಳ್ಳೇದಿರ್ಲಿ, ಕೆಟ್ಟದ್ದಿರ್ಲಿ, ಪ್ರತಿ ಮನೆ ಬಾಗ್ಲಿಗೂ ಬಂದು ಹೇಳ್ತೀನಿ."

ಅತ್ತೆ ಬಲಗೈಯ ಬಳೆ ತೆಗೆಯತೊಡಗಿದಳು. ಅದೇನೂ ಬೇಕಿಲ್ಲ ಎಂದೆ. "ಕೆಲ್ಸ ಅಂದ್ಮೇಲೆ ಕೆಲ್ಸದ ಥರ ಆಗ್ಬೇಕು" ಎಂದು ಸೆರಗಿಗೆ ಗಂಟು ಹಾಕಿ ತೋಳು ಚಾಚಿದಳು. ಮೊದಲ ಟ್ಯೂಬು ಅವಳದು. ಮಾರನೆಯ ದಿನ ನನ್ನನ್ನು ಮನೆಮನೆಗೂ ಕರೆದುಕೊಂಡು ಹೋಗಿ, "ನಮ್ಮ ಹುಡ್ಗಿ. ಬಂದು ಹೇಳ್ದೇ ಹೋದ್ರೆ ನನ್ನ ಕೇಳ್ರಿ" ಎಂದಳು.

ಪರೀಕ್ಷೆಗೆ ಬೇಕಾದ ಸಾಮಾನು ಲ್ಯಾಬಿಗೆ ಬರುವುದು ತಡವಾಯಿತು. ಅಷ್ಟರಲ್ಲಿ ಅಮ್ಮನ ಫೋನ್ ಬಂತು. ಅತ್ತೆ ರೊಪ್ಪದಲ್ಲೇ ಕುಸಿದಿದ್ದಳಂತೆ. ಕಡೂರಿನ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಉಸಿರು ನಿಂತಿತ್ತಂತೆ. ಹೃದಯಾಘಾತ ಎಂದರು.

ಲ್ಯಾಬಿನ ಟ್ಯೂಬುಗಳ ಮೇಲೆ ಹೆಸರಿರುವುದಿಲ್ಲ, ಸಂಖ್ಯೆ ಮಾತ್ರ. ಒಂದನೆಯ ಸಂಖ್ಯೆ ಯಾರದೆಂದು ನಾನು ಯಾರನ್ನೂ ಕೇಳಬೇಕಿರಲಿಲ್ಲ. ಕೊನೆಗೆ ಪರೀಕ್ಷೆ ಮಾಡಿದಾಗ ಗೊತ್ತಾಯಿತು, ಆ ಜ್ವರ ಅವಳಲ್ಲಿತ್ತು. ಅವಳ ಜೀವ ತೆಗೆದದ್ದು ಅದೇ ಎಂದು ನಾನು ಹೇಳಲಾರೆ. ಆದರೆ ವಯಸ್ಸಾಯ್ತು ಎಂದುಕೊಂಡು ಅವಳು ವರ್ಷಗಟ್ಟಲೆ ನುಂಗಿದ ಸೊಂಟನೋವು ಅದರದೇ ಇರಬೇಕು. ಎಷ್ಟೋ ಮರಿಗಳನ್ನು ಹೊರಗೆ ತಂದ ಕೈಯಿಂದಲೇ ಅದು ಅವಳೊಳಗೆ ಹೋಗಿತ್ತು. ಅವತ್ತು ನನಗೆ ಬೇರೆ ಯಾವ ಕೆಲಸವೂ ಆಗಲಿಲ್ಲ.

ಮಾತು ಕೊಟ್ಟಂತೆ ಪ್ರತಿ ಮನೆಗೂ ಹೋಗಿ ಹೇಳಿದೆ. ಅತ್ತೆಯ ಮನೆಗೆ ಮಾತ್ರ ಕೊನೆಗೆ ಹೋದೆ. ಬಾಗಿಲಲ್ಲಿ ಅವಳ ಸೊಸೆ ನಿಂತಿದ್ದಳು. ನಾನು ರಕ್ತ ತೆಗೆದ ದಿನ ಅವಳು ತವರುಮನೆ ಬುಕ್ಕಾಂಬುಧಿಗೆ ಹೋಗಿದ್ದಳು. ಈಗ ಕುರಿಗಳೆಲ್ಲ ಅವಳ ಪಾಲಿಗೆ. ಅತ್ತೆಗೆ ಹೇಳಬೇಕಾದದ್ದನ್ನು ಅವಳಿಗೆ ಹೇಳಿದೆ.

"ಸಂಜೆ ಆದ್ರೆ ನಂಗೂ ಮೈ ಬಿಸಿ ಆಗುತ್ತೆ ಕಣಕ್ಕ" ಎಂದಳು ಮೆಲ್ಲಗೆ. "ಅತ್ತೆ ಹೇಳಿದ್ರು, ಅವಳು ಬಂದೇ ಬತ್ತಾಳೆ, ಬಂದಾಗ ನೀನೂ ಕೊಡು ಅಂತ."

ನಾನು ಚೀಲ ಬಿಚ್ಚಿದೆ. ಅವಳು ಜಗಲಿಯ ಮೇಲೆ ಕೂತು ಬಲಗೈಯ ಬಳೆಗಳನ್ನು ಒಂದೊಂದಾಗಿ ತೆಗೆದಳು, ಸೆರಗಿನ ತುದಿಗೆ ಗಂಟು ಹಾಕಿದಳು, ತೋಳು ಚಾಚಿದಳು. ಈ ಸಲ ಅದೇನೂ ಬೇಕಿಲ್ಲ ಎನ್ನದೆ ಅವಳ ತೋಳಿಗೆ ಪಟ್ಟಿ ಬಿಗಿದೆ.