ನನ್ನ ತುತ್ತು, ಅವರ ರುಚಿ

ಮಾಟ, ಮಂತ್ರ, ಮದ್ದು ಇವನ್ನೆಲ್ಲ ನಾನು ಎಂದೂ ನಂಬಿದವಳಲ್ಲ. ಯಾರಾದರೂ ಇಂಥ ಕತೆ ತೆಗೆದರೆ ಎದ್ದು ಹೋಗುತ್ತಿದ್ದೆ. ನೀವೂ ಹಾಗೇ ಎದ್ದು ಹೋಗುವುದಾದರೆ ಹೋಗಿ, ನನಗೇನೂ ಬೇಸರವಿಲ್ಲ. ಆದರೆ ಅರವತ್ತರ ದಶಕದ ಆರಂಭದಲ್ಲಿ ಅಕ್ಕಿಆಲೂರಿನ ನಮ್ಮ ಮನೆಯಲ್ಲಿ ನಡೆದದ್ದನ್ನು ನೆನೆದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ.

ನಮ್ಮ ಮನೆಯವರು ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದರು. ಒಂದು ದಿನ ಚೀಲಗಳ ಥಪ್ಪಿಯ ಮೇಲಿಂದ ಜಾರಿ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡರು. ಗಾಯ ಮಾಯಿತು, ಬಾಯಿ ಮಾತ್ರ ಕೆಟ್ಟಿತು. ಉಪ್ಪು, ಹುಳಿ, ಖಾರ ಯಾವುದೂ ತಿಳಿಯದು. ಏನು ಉಂಡರೂ ಕಹಿ, ಉಣ್ಣದೆ ಕೂತರೂ ಕಹಿ.

ನಮ್ಮತ್ತೆ ನೇರವಾಗಿ ನನ್ನ ಮೇಲೆ ಬಂದಳು. "ಅನ್ನದಾಗ ಏನ ಕಲಸೀಯ? ನನ್ನ ಮಗಗ ಮದ್ದ ಹಾಕೀಯಲ್ಲ, ನಿನ್ನ ಕೈ ಸೇದಿ ಹೋಗ್ಲಿ!"

ಹುಬ್ಬಳ್ಳಿಯ ಡಾಕ್ಟರು ತಿಳಿಸಿ ಹೇಳಿದರು: "ರುಚಿ ಅರಿಯೂದು ನಾಲಿಗಿ ಅಲ್ರಿ, ಮೆದುಳಿನ ಮ್ಯಾಲಿನ ಪದರ. ನಾಲಿಗಿ ಬರೇ ಸುದ್ದಿ ಮುಟ್ಟಸ್ತೈತಿ. ಪೆಟ್ಟು ಅಲ್ಲೇ ಬಿದ್ದೈತಿ. ಅಡಿಗಿಯೊಳಗ ಏನೂ ಇಲ್ಲ."

ಅತ್ತೆ ಕೇಳಬೇಕಲ್ಲ! "ಡಾಕ್ಟರ್ ಏನ ನಮ್ಮ ಮನ್ಯಾಗ ಉಣ್ತಾನೇನ?" ಎಂದು ನನ್ನನ್ನು ಒಲೆಯಿಂದ ಎಬ್ಬಿಸಿ ತಾನೇ ಅಡುಗೆಗೆ ನಿಂತಳು. ಆಗಲೂ ನಮ್ಮ ಮನೆಯವರಿಗೆ ಕಹಿಯೇ. ಮದ್ದು ಹೊಟ್ಟೆಯಲ್ಲಿ ಕೂತಿದೆ ಅಂದಳು. ಗಂಡಸರು ಉಂಡು, ಅತ್ತೆ ಉಂಡು, ಕೊನೆಗೆ ನನ್ನ ಊಟ. ಎಷ್ಟೋ ಸಲ ಬುಟ್ಟಿಯಲ್ಲಿ ರೊಟ್ಟಿಯೇ ಉಳಿಯುತ್ತಿರಲಿಲ್ಲ. ಉಳಿದರೂ ಸಿಟ್ಟಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಕಡೆಗೆ ಸವಣೂರಿಂದ ನಮ್ಮಪ್ಪನನ್ನು ಕರೆಸಿದರು, ಮಗಳನ್ನು ಕರಕೊಂಡು ಹೋಗು ಎಂದು. ಗಂಡನಿಗೆ ಮದ್ದು ಹಾಕಿದವಳು ಎನ್ನಿಸಿಕೊಂಡು ತವರಿಗೆ ಹೋದರೆ ನನ್ನ ಬಾಳೇನು? ಕೆಳಗಿನ ಇಬ್ಬರು ತಂಗಿಯರನ್ನು ಯಾರು ಮಾಡಿಕೊಳ್ಳುತ್ತಾರೆ?

ಮಟಮಟ ಮಧ್ಯಾಹ್ನ. ಹೊರಗೆ ಪಡಸಾಲೆಯಲ್ಲಿ ಅಪ್ಪ ತಲೆ ತಗ್ಗಿಸಿ ಕೂತಿದ್ದ, ಇವರು ಎದುರಿಗೆ. ಇನ್ನೂ ಯಾರೂ ಉಂಡಿರಲಿಲ್ಲ. ಹೋಗುವುದೇ ಆದರೆ ಉಪವಾಸ ಯಾಕೆ ಹೋಗಲಿ? ಬುಟ್ಟಿಯಿಂದ ರೊಟ್ಟಿ ತೆಗೆದು, ಕೆಂಪು ಮೆಣಸಿನಕಾಯಿಯ ರಂಜಕ, ಅದರ ಮೇಲೆ ಬೆಣ್ಣೆ ಹಚ್ಚಿಕೊಂಡು ಬಾಯಿಗೆ ತುರುಕಿಕೊಂಡೆ.

"ನೀರ ಕೊಡ್ರಿ! ಬಾಯಿ ಉರಿಯಾಕತ್ತೈತಿ!" ಪಡಸಾಲೆಯಿಂದ ಇವರ ಕೂಗು. ಅತ್ತೆ ಓಡಿದಳು. ಇವರ ಬಾಯಲ್ಲಿ ಎಲೆಯಡಿಕೆ ಕೂಡ ಇರಲಿಲ್ಲ. "ರಂಜಕ ಯವ್ವಾ... ಬೆಣ್ಣೀನೂ ಐತಿ."

ನಾನು ತುಂಬಿದ ಬಾಯಲ್ಲಿ ಹಾಗೇ ನಿಂತೆ. ತುತ್ತು ನುಂಗಿ, ಒಂದು ಚೂರು ಬೆಲ್ಲ ಬಾಯಿಗಿಟ್ಟೆ.

"ಈಗ ಬೆಲ್ಲ," ಅಂದರು ಹೊರಗೆ.

ಉಪ್ಪಿನ ಹರಳು ಇಟ್ಟುಕೊಂಡೆ. "ಥೂ, ಉಪ್ಪು!"

ಬಾಗಿಲಲ್ಲಿ ನಿಂತು ಎರಡೂ ಕಡೆ ನೋಡುತ್ತಿದ್ದ ಅತ್ತೆ ಗೋಡೆ ಹಿಡಿದು ಕೂತಳು. ಅಪ್ಪ ಎದ್ದು ನಿಂತು, "ನನ್ನ ಮಗಳು ಎಲ್ಲಿಗೂ ಹೋಗೂದಿಲ್ರಿ," ಎಂದಷ್ಟೇ ಹೇಳಿ ಬಸ್ಸಿಗೆ ಹೋದ.

ಮರುದಿನದಿಂದ ಮೊದಲ ತಾಟು ನನಗೆ! ತುಪ್ಪದ ಗಡಿಗೆ ನನ್ನ ಮುಂದೆ ಬಂತು. ಅತ್ತೆ ಎದುರಿಗೆ ಕೂತು, "ಸಾವಕಾಶ ಉಣ್ಣ, ಅವಗ ರುಚಿ ಹತ್ತಲಿ," ಅನ್ನುವಳು. ನನಗೆ ಸೇರದ ಮೆಂತ್ಯೆ ಪಲ್ಲೆಯನ್ನು, ಮಗನಿಗೆ ಸೇರುತ್ತದೆಂದು, ನನ್ನಿಂದ ತಿನ್ನಿಸಿದಳು. ತಪ್ಪಾಯಿತು ಎಂಬ ಒಂದು ಮಾತಿಲ್ಲ. ತಾಟು ಎತ್ತಿ ಅಂಗಳಕ್ಕೆ ಎಸೆಯಬೇಕು ಅನ್ನಿಸುತ್ತಿತ್ತು. ಹಸಿವೆಗೆ ಉಂಡೆ.

ಸುಗ್ಗಿ ಮುಗಿಯುವ ಹೊತ್ತಿಗೆ ಇವರ ಬಾಯಿ ಇವರಿಗೇ ಮರಳಿತು. ಮೊದಲ ತಾಟೂ ಹೋಯಿತು.

ಡಾಕ್ಟರಿಗೆ ಹೇಳಿದರೆ ನಕ್ಕುಬಿಟ್ಟರು. ಒಬ್ಬರ ಬಾಯಿಯ ಸುದ್ದಿ ಇನ್ನೊಬ್ಬರ ಮೆದುಳಿಗೆ ಹೇಗೆ ಮುಟ್ಟೀತು? ನನಗೂ ತಿಳಿದಿಲ್ಲ, ತಿಳಿದವರಿದ್ದರೆ ಹೇಳಿ. ಒಂದು ಮಾತ್ರ ಗೊತ್ತು. ಅವರು ಕಹಿ ಕಹಿ ಎಂದು ಉಗುಳುತ್ತಿದ್ದದ್ದು ಹೊಟ್ಟೆಗಿಲ್ಲದ ನನ್ನ ಬಾಯಿಯ ಕಹಿ. ಅಷ್ಟು ದಿನ ಅದನ್ನು ಬಾಯಲ್ಲಿಟ್ಟುಕೊಂಡಿದ್ದ ಮನುಷ್ಯ, ಎಲ್ಲ ತಿಳಿದ ಮೇಲೂ, "ನೀ ಉಂಡೇನ?" ಎಂದು ಒಂದು ಸಲವೂ ಕೇಳಲಿಲ್ಲ.